ಹತ್ತಿದ ಗೇರಲ್ಲೇ ಇಳಿಯಬೇಕು

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು, ಬೈಯಬೇಡಿ. ಮೊನ್ನೆ ಊರಿಗೆ ಹೋಗಿದ್ದೆ. ಬರೆಯದಿದ್ದರೆ ಸಮಾಧಾನವಿಲ್ಲ ಅನ್ನುವಂಥದ್ದೊಂದು ಸಿಕ್ಕಿತು.

ನಮ್ಮೂರು ಅಜ್ಜಾವರ. ಸುಳ್ಯದಿಂದ ಪಯಸ್ವಿನಿ ದಾಟಿ ಕಾಂತಮಂಗಲದ ದಾರಿಯಲ್ಲಿ ಬಂದರೆ ಸಿಗುತ್ತದೆ. ಇನ್ನೂ ಮುಂದೆ ಹೋದರೆ ಮಂಡೆಕೋಲು, ಆಮೇಲೆ ಕೇರಳ. ಸುಳ್ಯದ ಕೆವಿಜಿಯಲ್ಲಿ ಮೆಕ್ಯಾನಿಕಲ್ ಓದಿ ಬೆಂಗಳೂರು ಸೇರಿದವ ನಾನು. ಅಲ್ಲಿ ಎಂಥ ಕೆಲಸ ಅಂತ ಊರಲ್ಲಿ ಹೇಳುವುದೇ ಒಂದು ಕಷ್ಟ.

"ಕಾರು ಮಾಡುವುದಾ?"
"ಅಲ್ಲ, ಲಾರಿ."
"ಇಡೀ ಲಾರಿಯಾ?"
"ಅಲ್ಲ, ಗೇರ್‌ಬಾಕ್ಸ್."

ಅದೂ ಇಡೀ ಗೇರ್‌ಬಾಕ್ಸ್ ಅಲ್ಲ! ಅದರೊಳಗೆ ಶಿಫ್ಟ್ ಫೋರ್ಕ್ ಅಂತ ಕವೆಯ ಹಾಗಿನ ಒಂದು ತುಂಡು. ಒಂದು ಗೇರಿನಿಂದ ಇನ್ನೊಂದಕ್ಕೆ ತಳ್ಳುವುದು ಅದೇ. ಕಂಪ್ಯೂಟರಿನಲ್ಲಿ ಬರೆಯುವುದು, ಮಾಡಿಸುವುದು, ಮುರಿಯುವ ತನಕ ಪರೀಕ್ಷಿಸುವುದು, ಮುರಿದ ಜಾಗ ನೋಡಿ ಮತ್ತೆ ಬರೆಯುವುದು. 14 ವರ್ಷ ಇದೇ. ನನ್ನ ಮೊದಲ ಫೋರ್ಕ್ ಬುಡದಲ್ಲೇ ಬಿರುಕು ಬಿಟ್ಟಿತ್ತು. ಆ ಮೂಲೆಯನ್ನು ನಾನು ಸಾಕಷ್ಟು ಗುಂಡಗೆ ಮಾಡಿರಲಿಲ್ಲ, ಅಷ್ಟೇ.

ಈ ಹುಚ್ಚು ಹತ್ತಿಸಿದ್ದು ನನ್ನ ಸೋದರಮಾವ. ಮಂಗಳೂರು ಹೆಂಚು ತುಂಬಿಸಿಕೊಂಡು ಸಂಪಾಜೆ ಘಾಟಿ ಹತ್ತಿ ಮೈಸೂರಿಗೆ ಲಾರಿ ಹೊಡೆಯುತ್ತಿದ್ದವರು. ರಜೆಯಲ್ಲಿ ನಾನು ಪಕ್ಕದ ಸೀಟಲ್ಲಿ. ಆಗಿನ ಗೇರಿಗೆ ಎರಡೆರಡು ಸಲ ಕ್ಲಚ್ ತುಳಿಯಬೇಕಿತ್ತು. ತುಳಿದು ನ್ಯೂಟ್ರಲ್‌ಗೆ ತರುವುದು, ಬಿಡುವುದು, ಗೇರು ಇಳಿಸುವುದಾದರೆ ಒಂದು ಚೂರು ರೇಸ್ ಕೊಡುವುದು, ಮತ್ತೆ ತುಳಿದು ಗೇರು ಹಾಕುವುದು. ಹಲ್ಲು ಮತ್ತು ಹಲ್ಲಿನ ವೇಗ ಹೊಂದದಿದ್ದರೆ ಕರಕರ ಶಬ್ದ. ಮಾವ ಮೀಟರ್ ನೋಡಿದ್ದು ನಾನು ಕಂಡಿಲ್ಲ, ಎಲ್ಲ ಕಿವಿಯಲ್ಲೇ. ಹೀಗೆ ಒದ್ದಾಡದ ಹಾಗೆ ವೇಗ ಹೊಂದಿಸಿಕೊಡುವ ಸಿಂಕ್ರೋಮೆಶ್ 1928ರಲ್ಲೇ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಬಂದಿತ್ತು. ಮಾವನ ಲಾರಿಯ ತನಕ ಮಾತ್ರ ಬಂದಿರಲಿಲ್ಲ.

ಈಗ ಮಾವ ಜಗಲಿಯಲ್ಲಿ ಎಡಗಾಲು ನೀಡಿಯೇ ಕೂರುವುದು. ಮೊಣಕಾಲು ಮಡಚುವುದಿಲ್ಲ. ಕ್ಲಚ್ ತುಳಿದ ಕಾಲು ಅದು.

ಮೊನ್ನೆ ನನ್ನ ಕೆಲಸದ ಬಗ್ಗೆ ಮೊದಲ ಬಾರಿ ಪೂರ್ತಿ ಕೇಳಿದರು. ಹೇಳಿದೆ. ಡೀಸೆಲ್ ಎಂಜಿನ್ನಿಗೆ ಬಲ ಇರುವುದು ಒಂದು ಚಿಕ್ಕ ವೇಗದ ಪಟ್ಟಿಯಲ್ಲಿ ಮಾತ್ರ, ಅದಕ್ಕೇ ದೊಡ್ಡ ಲಾರಿಗೆ 12 ಗೇರು. 12 ಅಂದರೂ ಒಳಗೆ ಮೂಲ ಗೇರು 3. ಅದರ ಮುಂದೆ ಎರಡು ಹಂತ, ಹಿಂದೆ ಎರಡು ಹಂತ: 3×2×2. ಕ್ಲಚ್ ಪೆಡಲೇ ಇಲ್ಲ. ಕಂಪ್ಯೂಟರ್ ಎಂಜಿನ್ನಿನ ವೇಗ ಏರಿಸಿ ಇಳಿಸಿ, ಹಲ್ಲಿಗೆ ಹಲ್ಲು ಹೊಂದಿಸಿ ಗೇರು ಹಾಕುತ್ತದೆ.

ಮಾವ ನಕ್ಕರು. (ನಾವು ಮಾತಾಡಿದ್ದು ಅರೆಭಾಷೆಯಲ್ಲಿ, ನಿಮಗಾಗಿ ಹೀಗೆ ಬರೆಯುತ್ತಿದ್ದೇನೆ.)

"ಅಂದರೆ ನಾನು ಮಾಡುತ್ತಿದ್ದದ್ದೇ ಅಲ್ವಾ ಅದು?"

ನಿಜವಾಗಿ ಅದೇ! ಇಷ್ಟು ವರ್ಷದಲ್ಲಿ ನನಗದು ಹೊಳೆದೇ ಇರಲಿಲ್ಲ. ಅಂಥ ಪೆಟ್ಟಿಗೆಗಳ ಮೂಲ ಗೇರುಗಳಲ್ಲಿ ಸಿಂಕ್ರೋಮೆಶ್ ಕೂಡ ಇರುವುದಿಲ್ಲ. ಮಾವನ ಕಾಲು ಮತ್ತು ಕಿವಿಯ ಕೆಲಸವನ್ನು ನಾವು ಪ್ರೋಗ್ರಾಂ ಮಾಡಿ ತುಂಬಿಸಿದ್ದೇವೆ, ಅಷ್ಟೆ.

ಆಮೇಲೆ ಬಂತು ನೋಡಿ ಪ್ರಶ್ನೆ. "ಘಾಟಿಯಲ್ಲಿ ಹತ್ತಿದ ಗೇರಲ್ಲೇ ಇಳಿಯಬೇಕು. ಅದು ನಿನ್ನ ಪೆಟ್ಟಿಗೆಗೆ ಗೊತ್ತುಂಟಾ?"

ತಮಾಷೆಯ ಮಾತಲ್ಲ ಇದು. ಏರು ಮುಗಿದ ಕೂಡಲೇ ಭಾರ ಹಗುರಾಯಿತೆಂದು ಪೆಟ್ಟಿಗೆ ಮೇಲಿನ ಗೇರಿಗೆ ಹೋದರೆ, ಎದುರಿಗೆ ಇಳಿಜಾರು. ಎಂಜಿನ್ ಹಿಡಿದು ನಿಲ್ಲಿಸುವುದು ಕಡಿಮೆಯಾಗಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದರೆ ಹಿಡಿಯುವುದಿಲ್ಲ. ಇಳಿಜಾರು ಅಳೆಯುವ ಸೆನ್ಸರ್ ಇದೆ, ಕೆಲವು ಲಾರಿಗಳಲ್ಲಿ ನಕ್ಷೆ ನೋಡಿ ಮುಂದಿನ ಏರುತಗ್ಗು ತಿಳಿಯುವ ವ್ಯವಸ್ಥೆಯೂ ಇದೆ ಎಂದೆ.

"ನಕ್ಷೆಯಲ್ಲಿ ಮಳೆ ಉಂಟಾ?"

ನಾನು ಸುಮ್ಮನಾದೆ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡವೇ ಜರಿದು ಇದೇ ರಸ್ತೆ ಬಂದ್ ಆಗಿತ್ತು.

ಸ್ವಲ್ಪ ಹೊತ್ತು ಬಿಟ್ಟು ಮಾವನೇ ಹೇಳಿದರು: "ಇರಲಿ ಮಾರಾಯ. ಒಳ್ಳೆಯ ಕೆಲಸವೇ. ಇನ್ನೊಬ್ಬನ ಕಾಲಾದರೂ ಉಳಿದೀತು."

ಈ ಮಾತು ಇನ್ನೂ ಕೊರೆಯುತ್ತಿದೆ. ಮಾವನ ವಿದ್ಯೆಯೂ ಬೇಡವಾಗುವ ಹಾಗೆ ಮಾಡಿದ್ದೇವಲ್ಲ ಅಂತ ನನಗೆ ಬೇಸರವಿತ್ತು. ಅವರಿಗೆ ಆ ಬೇಸರವೇ ಇಲ್ಲ. ನಾಳೆ ಕರೆಂಟಿನ ಲಾರಿಗಳು ಬಂದು ಇಷ್ಟು ಗೇರೇ ಬೇಡ ಎಂದಾದರೆ, ನನ್ನ ಫೋರ್ಕಿನ ಬಗ್ಗೆ ನಾನು ಇಷ್ಟು ಸಲೀಸಾಗಿ "ಇರಲಿ" ಅಂದೇನಾ? ಗೊತ್ತಿಲ್ಲ.

ವಾಪಸು ಬರುವಾಗ ರಾತ್ರಿ ಬಸ್ಸು. ಸಂಪಾಜೆ ದಾಟಿ ಏರು ಶುರುವಾದದ್ದೇ ಡ್ರೈವರ್ ಗೇರು ಇಳಿಸಿದ. ಕಣ್ಣು ಮುಚ್ಚಿ ಕೇಳಿದೆ. ಮಡಿಕೇರಿ ತನಕ ನಿದ್ದೆ ಬರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಮಾವಂದಿರು ಇದ್ದರೆ, ಅವರ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ನಾನಂತೂ ಮಳೆಯ ಪ್ರಶ್ನೆಯನ್ನು ಸೋಮವಾರವೇ ಆಫೀಸಿನ ಮೀಟಿಂಗಿಗೆ ಒಯ್ದೆ. ಉತ್ತರ ಇನ್ನೂ ಬಂದಿಲ್ಲ :)