ಹತ್ತು ದಿನಕ್ಕೊಮ್ಮೆ ಒಂದು ಲೋಟ ನೀರು

ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯವರಿಗೆ ಬಿಸಿಲಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುತ್ತದೆ. ನೆಲಕ್ಕೆ ಹಾಸಿದ ಶಹಾಬಾದ್ ಫರಸಿ ಸಂಜೆ ಏಳಾದರೂ ಕಾವು ಬಿಡುವುದಿಲ್ಲ. ಇಂಥ ಕಡೆ, ಮೇಲಿನ ಮಹಡಿಯಲ್ಲಿ, ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಗಿಡ ಬೆಳೆಸುತ್ತೇವೆ ಎಂದರೆ ಜನ ನಗುತ್ತಾರೆ. ಆದರೂ ವಾಡಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಈಗ ಹನ್ನೊಂದು ಕುಂಡಗಳಿವೆ.

ಇದು ಶುರುವಾದದ್ದು ನಮ್ಮ ದಾದಿಗಾಗಿ. ಅವರು ಚಿಂಚೋಳಿ ಕಡೆಯ ಹಳ್ಳಿಯವರು. ಅಂಗಳ, ಬೇವಿನ ಮರ, ಹೊಲದ ಬದುವಿನ ಕಳ್ಳಿ ಬೇಲಿ ನೋಡಿ ಬೆಳೆದವರು. ಎರಡು ವರ್ಷದ ಹಿಂದೆ ಮೊಣಕಾಲು ನೋವು ಹೆಚ್ಚಾಗಿ ಮೆಟ್ಟಿಲು ಇಳಿಯುವುದೇ ನಿಂತುಹೋಯಿತು. ಅಂದಿನಿಂದ ಬಾಲ್ಕನಿಯೇ ಅವರ ಅಂಗಳ. ಅಲ್ಲಿ ಕುಳಿತರೆ ಕಾಣುತ್ತಿದ್ದದ್ದು ಬಟ್ಟೆ ಒಣಹಾಕುವ ಹಗ್ಗ ಮತ್ತು ಎದುರು ಮನೆಯ ನೀರಿನ ಟ್ಯಾಂಕು. "ಆಂಖ್ ಕು ಥೋಡಾ ಹರಾ ಹೋನಾ" ಎನ್ನುತ್ತಿದ್ದರು. ಕಣ್ಣಿಗೆ ಸ್ವಲ್ಪ ಹಸಿರು ಬೇಕು ಎಂದು.

ಅಮ್ಮಿ ಒಪ್ಪಲಿಲ್ಲ. ಬೇಸಿಗೆಯಲ್ಲಿ ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ನಲ್ಲಿ ನೀರು ಬರುತ್ತದೆ. ಕುಡಿಯುವ ನೀರನ್ನು ಕುಂಡಕ್ಕೆ ಸುರಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಹಿಂದೆ ಅವರೇ ಇಟ್ಟಿದ್ದ ಗುಲಾಬಿಗಳು ಪ್ರತಿ ಮೇ ತಿಂಗಳಲ್ಲೂ ಒಣಗಿದ್ದವು.

ನಾನು ಕಾಮರ್ಸ್ ವಿದ್ಯಾರ್ಥಿನಿ. ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ಒಂದು ಗುಲಾಬಿ ಕುಂಡಕ್ಕೆ ದಿನಕ್ಕೆ ಒಂದು ಲೀಟರ್ ಎಂದರೆ ಹತ್ತು ದಿನಕ್ಕೆ 10 ಲೀಟರ್. ಲೋಳೆಸರದಂಥ ದಪ್ಪ ಎಲೆಯ ಗಿಡಕ್ಕೆ ಹತ್ತು ದಿನಕ್ಕೊಮ್ಮೆ ಒಂದು ಲೋಟ. ಹನ್ನೊಂದು ಕುಂಡಕ್ಕೆ ಸೇರಿ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು. ದಾದಿ ಕುರ್ಚಿಯ ಮೇಲೆ ಕುಳಿತು ವುಜೂ ಮಾಡುವಾಗ ಬೋಗುಣಿಯಲ್ಲಿ ಬೀಳುವ ನೀರೇ ಇದಕ್ಕೆ ಸಾಕು. ಅದರಲ್ಲಿ ಸಾಬೂನು ಇರುವುದಿಲ್ಲ. ನಲ್ಲಿ ನೀರಿನ ಖರ್ಚು ಸೊನ್ನೆ. ಲೆಕ್ಕ ನೋಡಿ ಅಮ್ಮಿ ಸುಮ್ಮನಾದರು.

ಇಷ್ಟು ಕಡಿಮೆ ನೀರಿನಲ್ಲಿ ಈ ಗಿಡಗಳು ಹೇಗೆ ಬದುಕುತ್ತವೆ? ಸೈನ್ಸ್ ವಿಭಾಗದ ಗೆಳತಿ ವಿವರಿಸಿದಳು. ಬೇರೆ ಗಿಡಗಳು ಹಗಲಲ್ಲಿ ಎಲೆಯ ಪತ್ರರಂಧ್ರ ತೆರೆಯುತ್ತವೆ, ಆಗ ನೀರೂ ಆವಿಯಾಗಿ ಹೋಗುತ್ತದೆ. ಇವು ರಾತ್ರಿ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಂಡು ಆಮ್ಲದ ರೂಪದಲ್ಲಿ ಕೂಡಿಡುತ್ತವೆ. ಹಗಲಲ್ಲಿ ಬಾಗಿಲು ಮುಚ್ಚಿ, ಕೂಡಿಟ್ಟದ್ದನ್ನು ಬಳಸಿ ಆಹಾರ ತಯಾರಿಸುತ್ತವೆ. ರಾತ್ರಿ ಜಮೆ, ಹಗಲು ಖರ್ಚು! ಈ ಗುಟ್ಟಿನ ಸುಳಿವು ಸಿಕ್ಕಿದ್ದು ಭಾರತದಲ್ಲೇ. ಟಿಪ್ಪು ಸುಲ್ತಾನರ ನಂತರ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಸಸ್ಯತಜ್ಞ ಬೆಂಜಮಿನ್ ಹೇನ್, ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಎಂದು ಗಮನಿಸಿ ಬರೆದರು. ಅದು 1815ರಲ್ಲಿ ಪ್ರಕಟವಾಯಿತು. ನೀವು ಮಾತ್ರ ತಿಂದು ನೋಡಬೇಡಿ, ಆ ಎಲೆಯಲ್ಲಿ ವಿಷದ ಅಂಶವಿದೆ.

ಈ ಗಿಡಗಳನ್ನು ಬಿಸಿಲಿಗಿಂತ ಹೆಚ್ಚಾಗಿ ಕೊಲ್ಲುವುದು ನೀರು. ನಮ್ಮ ಕಪ್ಪು ಎರೆಮಣ್ಣು ಹತ್ತಿ, ತೊಗರಿಗೆ ಒಳ್ಳೆಯದು. ಕುಂಡದಲ್ಲಿ ಅದು ನೀರು ಹಿಡಿದು ಬೇರು ಕೊಳೆಸುತ್ತದೆ. ಚಿಂಚೋಳಿ ಕಡೆಯ ನೆಂಟರ ಹೊಲದಿಂದ ಕೆಂಪು ಮಣ್ಣು ತರಿಸಿ, ಒಂದು ಪಾಲು ಮಣ್ಣಿಗೆ ಎರಡು ಪಾಲು ದಪ್ಪ ಮರಳು ಬೆರೆಸಿದೆವು. ಕುಂಡದ ತಳದ ತೂತು ಮುಚ್ಚದಂತೆ ಕೆಳಗೆ ಒಡೆದ ಫರಸಿ ಚೂರು ಇಟ್ಟೆವು. ಮಣ್ಣು ಬೆರಳಿನುದ್ದ ಒಣಗಿದ ಮೇಲೆ, ಸಂಜೆ ಹೊತ್ತು ಮಾತ್ರ ನೀರು. ಮಳೆಗಾಲದಲ್ಲಿ ಕುಂಡಗಳನ್ನು ಗೋಡೆ ಬದಿಗೆ ಸರಿಸುತ್ತೇವೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹಳೆಯ ದುಪಟ್ಟಾ ಕಟ್ಟಿ ನೆರಳು ಮಾಡುತ್ತೇವೆ, ಇಲ್ಲದಿದ್ದರೆ ಲೋಳೆಸರವೂ ಸುಟ್ಟು ಕೆಂಪಾಗುತ್ತದೆ. ಎಲೆಯ ಮೇಲೆ ಕೂರುವ ಧೂಳನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಆ ಕೆಲಸ ದಾದಿಯದು.

ಕಾಡುಬಸಳೆಗೆ ಮನೆಯಲ್ಲಿ ಪತ್ಥರ್‌ಚಟ್ಟಾ ಎನ್ನುತ್ತೇವೆ. ಅದರ ಎಲೆಯನ್ನು ಮಣ್ಣಿನ ಮೇಲಿಟ್ಟರೆ ಅಂಚಿನಲ್ಲೇ ಮರಿಗಳು ಹುಟ್ಟುತ್ತವೆ. ಲೋಳೆಸರ, ಸ್ನೇಕ್ ಪ್ಲಾಂಟ್ ಬುಡದಲ್ಲಿ ಮರಿ ಹಾಕುತ್ತವೆ. ಜೇಡ್ ಗಿಡದ ಕಡ್ಡಿ ಮುರಿದು ನೆಟ್ಟರೆ ಸಾಕು. ಹಾಗಾಗಿ ಕೊಂಡದ್ದು ನಾಲ್ಕೇ ಗಿಡ, ಉಳಿದವು ಮನೆಯಲ್ಲೇ ಹುಟ್ಟಿದವು. ಯಾವ ಮರಿ ಯಾರಿಗೆ ಎಂದು ದಾದಿಯೇ ತೀರ್ಮಾನಿಸುತ್ತಾರೆ. ಮೊದಲು ಕೆಳಗಿನ ಮನೆಯವರು ಕೇಳಿ ಬಂದರು, ನಂತರ ಅವರ ತಂಗಿ, ಆಮೇಲೆ ಎದುರು ಸಾಲಿನ ಆಂಟಿ. ಬಂದವರು ಚಹಾ ಕುಡಿದು ಗಂಟೆಗಟ್ಟಲೆ ಕೂರುತ್ತಾರೆ. ದಾದಿ ಮೆಟ್ಟಿಲು ಇಳಿಯಲಾರರು ನಿಜ, ಈಗ ಓಣಿಯೇ ಮೆಟ್ಟಿಲು ಹತ್ತಿ ಬರುತ್ತದೆ. ಹಸಿರಿನ ಜೊತೆ ಇದೂ ಬರುತ್ತದೆ ಎಂದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಗೆಳೆಯರೇ, ನಿಮ್ಮ ಮನೆಯಲ್ಲೂ ಹೊರಗೆ ಹೋಗಲಾಗದ ಹಿರಿಯರು ಇರಬಹುದು. ಜಾಗವಿಲ್ಲ, ನೀರಿಲ್ಲ ಎಂದು ಬಿಡಬೇಡಿ. ಒಂದು ಒಡೆದ ಬಕೆಟ್, ಎರಡು ಹಿಡಿ ಮರಳು ಹೊಂದಿಸಿಕೊಳ್ಳಿ. ಪತ್ಥರ್‌ಚಟ್ಟಾ ಎಲೆ ಬೇಕಾದವರು ಎರಡನೇ ಪಿಯುಸಿ ಕಾಮರ್ಸ್ ತರಗತಿಗೆ ಬಂದು ಕೇಳಿ, ಮರುದಿನವೇ ತಂದುಕೊಡುತ್ತೇನೆ.