ತುಂಗಭದ್ರೆಯ ದಂಡೆಯ ಚೀಕಲಪರ್ವಿ: ಜನವೂ ಗಳಿಕೆಯೂ

ರಾಯಚೂರಿನಿಂದ ಸಿಂಧನೂರಿನ ಹಾದಿ ಹಿಡಿದು ಸುಮಾರು 45 ಕಿಲೋಮೀಟರ್ ಸಾಗಿದರೆ ಮಾನ್ವಿ ಪಟ್ಟಣ ದೊರೆಯುತ್ತದೆ. ಅಲ್ಲಿಂದ ಎರೆಹೊಲಗಳ ನಡುವಿನ ದಾರಿಯಲ್ಲಿ ತುಂಗಭದ್ರೆಯತ್ತ ಹೊರಳಿದರೆ ಚೀಕಲಪರ್ವಿ. ಹೊಳೆಯ ಆಚೆ ದಂಡೆ ಆಂಧ್ರಪ್ರದೇಶಕ್ಕೆ ಸೇರಿದ್ದು. ಹರಿದಾಸ ಪರಂಪರೆಯ ವಿಜಯದಾಸರು ಹುಟ್ಟಿದ ಊರೆಂದು ಇದು ನಾಡಿಗೆಲ್ಲ ಪರಿಚಿತ. ಅವರು ಕಡುಬಡತನದಿಂದ ನೊಂದು ಊರು ತೊರೆದು ಕಾಶಿಯತ್ತ ನಡೆದರೆಂಬ ಕಥನ ಪ್ರಸಿದ್ಧವಾಗಿದೆ. ಮೂರು ಶತಮಾನಗಳ ನಂತರವೂ ಈ ಸೀಮೆಯ ಮಕ್ಕಳು ಹೊಟ್ಟೆಪಾಡಿಗಾಗಿ ಊರು ಬಿಡುತ್ತಲೇ ಇದ್ದಾರೆಂಬುದು ನಮ್ಮನ್ನು ಚಿಂತೆಗೆ ಹಚ್ಚುವ ಸಂಗತಿ.

ಅಮೆರಿಕ ದೇಶದ ಬಯಲು ಸೀಮೆಯ ಅನೇಕ ಸಣ್ಣ ಊರುಗಳು ಬರಿದಾಗುತ್ತಿರುವುದನ್ನು ನಮ್ಮ ಓದುಗರಲ್ಲಿ ಹಲವರು ಕೇಳಿರಬಹುದು. ಅಲ್ಲಿ ಯಂತ್ರಗಳು ಬಂದು ದೊಡ್ಡ ಹಿಡುವಳಿಗೆ ಕೆಲವೇ ಕೈಗಳು ಸಾಕಾದವು. ಓದಿದ ಮಕ್ಕಳು ನಗರ ಸೇರಿ ಮರಳಲಿಲ್ಲ. 2010 ಮತ್ತು 2020ರ ಜನಗಣತಿಗಳ ನಡುವೆ ಆ ದೇಶದ ಗ್ರಾಮೀಣ ಜನಸಂಖ್ಯೆಯೇ ಒಟ್ಟಾರೆ ತುಸು ಇಳಿಯಿತು.

ನಮ್ಮಲ್ಲಿ ಲೆಕ್ಕ ಬೇರೆಯಾಗಿ ಕಾಣುತ್ತದೆ. 2001ರಲ್ಲಿ 16,69,762 ಇದ್ದ ರಾಯಚೂರು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 19,28,812ಕ್ಕೆ ಏರಿತು. ಅವರಲ್ಲಿ ನಾಲ್ವರಲ್ಲಿ ಮೂವರು ಹಳ್ಳಿಗಳಲ್ಲೇ ಇದ್ದರು. ಆದರೆ ಆ ಎಣಿಕೆ ನಡೆದದ್ದು ಫೆಬ್ರುವರಿ ತಿಂಗಳಲ್ಲಿ, ಹಿಂಗಾರಿ ಜೋಳದ ಸುಗ್ಗಿಯ ಕಾಲದಲ್ಲಿ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಡುವವರು ಮುಂಗಾರಿನ ಹೊತ್ತಿಗೆ ಮರಳುತ್ತಾರೆ. ಬೇಸಿಗೆಯಲ್ಲಿ ಬೀಗ ಬಿದ್ದ ಬಾಗಿಲುಗಳನ್ನು ಜನಗಣತಿ ಕಾಣದು. ಅಮೆರಿಕದ ಹಳ್ಳಿ ಶಾಶ್ವತವಾಗಿ ಬರಿದಾದರೆ ನಮ್ಮ ಹಳ್ಳಿ ವರುಷಕ್ಕೊಮ್ಮೆ ಬರಿದಾಗಿ ಮತ್ತೆ ತುಂಬುತ್ತದೆ.

ಹೊಳೆ ಪಕ್ಕದಲ್ಲೇ ಇರುವಾಗ ಈ ಬಡತನವೇಕೆ ಎಂಬ ಪ್ರಶ್ನೆ ಸಹಜ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ಎಡದಂಡೆ ಕಾಲುವೆಯು ಸಿಂಧನೂರು, ಮಾನ್ವಿ ಸೀಮೆಗಳಿಗೆ ನೀರು ತಂದಿತು. ಹೆಚ್ಚಿನ ನೆಲಕ್ಕೆ ಮಿತ ನೀರಾವರಿಯ ಬೆಳೆಗಳನ್ನೇ ಗೊತ್ತುಪಡಿಸಲಾಗಿತ್ತು. ಆದರೆ ಮೇಲ್ಭಾಗದಲ್ಲಿ ಭತ್ತವೇ ಹಬ್ಬಿದ್ದರಿಂದ ಕೊನೆಭಾಗದ ಹೊಲಗಳು ನೀರಿಗಾಗಿ ಬಾಯ್ದೆರೆದು ಕಾಯುವಂತಾಯಿತು. ಜಲಾಶಯದಲ್ಲಿ ಹೂಳು ತುಂಬಿ, ಮೊದಲು 133 ಟಿ.ಎಂ.ಸಿ. ಇದ್ದ ಸಂಗ್ರಹಶಕ್ತಿ ಸುಮಾರು 105ಕ್ಕೆ ಕುಗ್ಗಿದೆ. ಹೀಗಾಗಿ ಒಂದೇ ತಾಲೂಕಿನಲ್ಲಿ ಎರಡು ಬೆಳೆ ಕಾಣುವ ಭತ್ತದ ಗದ್ದೆಯೂ, ಒಂದು ಮಳೆ ತಪ್ಪಿದರೆ ಸಾಲವೇ ಉಳಿಯುವ ಜೋಳ, ಹತ್ತಿಯ ಹೊಲವೂ ಅಕ್ಕಪಕ್ಕದಲ್ಲಿವೆ. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿಯು ಮಾನ್ವಿಯನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿರಿಸಿತು. ನೆರೆಯ ದೇವದುರ್ಗಕ್ಕೆ ರಾಜ್ಯದಲ್ಲೇ ಕಟ್ಟಕಡೆಯ ಸ್ಥಾನ ಕೊಟ್ಟಿತು.

ನಂತರದ ದಿನಗಳಲ್ಲಿ ಗಳಿಕೆಯ ದಾರಿಗಳು ಕೊಂಚ ಹೆಚ್ಚಿದವು. 2006ರಲ್ಲಿ ಉದ್ಯೋಗ ಖಾತರಿ ಯೋಜನೆ ಮೊದಲ ಹಂತದಲ್ಲೇ ರಾಯಚೂರಿಗೆ ಬಂದಿತು. ಸಂವಿಧಾನದ 371(ಜೆ) ವಿಧಿಯು ಈ ಭಾಗದ ಯುವಕರಿಗೆ ಉದ್ಯೋಗ, ಶಿಕ್ಷಣಗಳಲ್ಲಿ ಮೀಸಲಾತಿ ಕಲ್ಪಿಸಿತು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಿಂದ ಮನೆಯೊಡತಿಯ ಕೈಗೆ ತಿಂಗಳಿಗೆ 2,000 ರೂಪಾಯಿ ಎಂಬ ಗೊತ್ತಾಯಿತು. ದೂರದ ದುಡಿಮೆಯ ಹಣದಿಂದ ಸಾಲ ತೀರಿದ, ಮಾಳಿಗೆ ಮನೆಯ ಜಾಗದಲ್ಲಿ ಆರ್.ಸಿ.ಸಿ. ಮನೆ ಎದ್ದ ಉದಾಹರಣೆಗಳೂ ಇವೆ. ಗುಳೆಯನ್ನು ಕೇವಲ ಶಾಪವೆಂದು ಜರಿಯುವುದು ಉಚಿತವಲ್ಲ. ದುಡಿಮೆ ಎಲ್ಲಿ ನಡೆದರೂ ಅದು ಕಾಯಕವೇ.

ಆದರೆ ಅದರ ಬೆಲೆಯನ್ನು ತೆರುವವರು ಮಕ್ಕಳು. 2011ರಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75ನ್ನು ದಾಟಿದ್ದಾಗ ರಾಯಚೂರಿನದು ಶೇಕಡ 60ನ್ನೂ ಮುಟ್ಟಿರಲಿಲ್ಲ. ಮಹಿಳೆಯರಲ್ಲಿ ಅದು ಶೇಕಡ 49ರೊಳಗೇ ಇತ್ತು. ಹತ್ತಿ ಬಿಡಿಸುವ ದಿನಗಳಲ್ಲಿ ಹೊಲಕ್ಕೆ, ಬೇಸಿಗೆಗೆ ತಂದೆತಾಯಿಯರೊಡನೆ ಬೆಂಗಳೂರಿಗೆ ಹೋಗುವ ಹುಡುಗಿಯ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿದ್ದರೂ ಅವಳು ಶಾಲೆಯಲ್ಲಿರುವುದಿಲ್ಲ. ಓದು ತಪ್ಪಿದ ಆ ಮಗಳಿಗೆ ಮುಂದೆಯೂ ಕೂಲಿಯೇ ಗತಿ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ನಿಗದಿಯಾಗಿದೆ. ಅಂದು ಚೀಕಲಪರ್ವಿಯಂಥ ಊರುಗಳ ಸಂಖ್ಯೆ ಏರಿತೇ ಇಳಿಯಿತೇ ಎಂಬುದಕ್ಕಿಂತ, ಗುಳೆ ಹೋದವರ ಮಕ್ಕಳು ಎಲ್ಲಿ ಉಂಡು ಎಲ್ಲಿ ಓದಿದರು ಎಂಬುದು ಮುಖ್ಯ. ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದನಿಲಯಗಳನ್ನು ತೆರೆದು ಅನ್ನ, ಅಕ್ಷರ ನೀಡಿದ ಪರಂಪರೆ ನಮ್ಮ ಸಮಾಜದ್ದು. ಆ ದಾಸೋಹವು ಗುಳೆಯ ತಿಂಗಳುಗಳಲ್ಲಿ ಹೊಳೆದಂಡೆಯ ಹಳ್ಳಿಗಳವರೆಗೂ ಬರಲಿ. ಅನುಕೂಲವಿರುವ ಮನೆತನಗಳು ಒಂದೊಂದು ಮಗುವಿನ ಊಟ, ಓದಿನ ಭಾರ ಹೊತ್ತರೂ ಆ ಮಗುವಿನ ಶಾಲೆ ತಪ್ಪದು.