ಗಾಜಿನ ಕೆಳಗಿನ ಚೀಟಿ

ನಮ್ಮ ಅಜ್ಜ ತಮ್ಮ ಪೆಟ್ಟಿಗೆಯ ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಸ್ನಾನಕ್ಕೆ ಹೋದರೂ ಅದು ಅವರೊಂದಿಗೇ. ಅವರು ಹೋದಮೇಲೆ ಪೆಟ್ಟಿಗೆ ತೆಗೆದು ನೋಡಿದೆವು: ಎರಡು ಹಳೆಯ ಕಂದಾಯದ ರಸೀದಿ, ಒಂದು ಒಡೆದ ಕನ್ನಡಕ. ಅಷ್ಟಕ್ಕೆ ಅಷ್ಟು ಕಾವಲು! ಅವರ ಮೊಮ್ಮಗನಾದ ನಾನೋ, ಕಚೇರಿಯ ಬಾಕಿ ವಸೂಲಿಯ ಲೆಕ್ಕವನ್ನು 18 ವರ್ಷ ನೋಡಿಕೊಂಡವನು, ನನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ, ವೆಂಕಟರಮಣನ ಪಟದ ಪಕ್ಕದಲ್ಲಿ ಇಟ್ಟಿದ್ದೆ.

ತಪ್ಪು ನನ್ನದೊಂದೇ ಅಲ್ಲವೆಂದು ವಾದಿಸಬಲ್ಲೆ. 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಾಗಬೇಕು, ಅದರಲ್ಲಿ ದೊಡ್ಡಕ್ಷರವಿರಬೇಕು, ಅಂಕಿಯಿರಬೇಕು, ಚಿಹ್ನೆಯಿರಬೇಕು ಎಂದು ನಮ್ಮಲ್ಲಿ ಕಟ್ಟಳೆ. ನಾನು ಮಗಳ ಹೆಸರಿಗೆ 1 ಸೇರಿಸಿ ಆಶ್ಚರ್ಯಸೂಚಕ ಹಾಕಿದೆ. ಮೂರು ತಿಂಗಳಿಗೆ ಅದು 2 ಆಯಿತು. ಹೀಗೆ 11ರವರೆಗೆ ಬಂದೆ. ಇಂಥ ಕಟ್ಟಳೆಗಳಿಗೆ ಆಧಾರವಾದ ಸಲಹೆಗಳನ್ನು 2003ರಲ್ಲಿ ಬರೆದ ಅಮೆರಿಕದ ಬಿಲ್ ಬರ್ ಎಂಬವರೇ, ನಿವೃತ್ತರಾದಮೇಲೆ, 2017ರಲ್ಲಿ ಅದಕ್ಕಾಗಿ ವಿಷಾದ ಸೂಚಿಸಿದರು. ಅದೇ ವರ್ಷ ಅಲ್ಲಿಯ ರಾಷ್ಟ್ರೀಯ ಮಾನಕ ಸಂಸ್ಥೆಯೂ, ಕಾರಣವಿಲ್ಲದೆ ಪದೇ ಪದೇ ಬದಲಾಯಿಸಲು ಒತ್ತಾಯ ಬೇಡವೆಂದಿತು. ಆ ಸುದ್ದಿ ನಮ್ಮ ಕಚೇರಿಯ ಮೆಟ್ಟಿಲು ಹತ್ತಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಹಳೆಯ ಗಿರಾಕಿಯೊಬ್ಬರು ಫೋನು ಮಾಡಿ, "ಏನು ಸ್ವಾಮಿ, ಬ್ಯಾಂಕು ಬದಲಾಯಿಸಿದಿರಂತೆ?" ಎಂದರು. ನನ್ನ ಹೆಸರಿನಲ್ಲಿ, ನನ್ನದೇ ವಿಳಾಸದಿಂದ, ಬಾಕಿ ಹಣವನ್ನು ಇನ್ನು ಮೇಲೆ ಬೇರೊಂದು ಖಾತೆಗೆ ಕಟ್ಟಬೇಕೆಂಬ ಈ-ಮೇಲು ಎಲ್ಲ ಗಿರಾಕಿಗಳಿಗೂ ಹೋಗಿತ್ತು. ಒಬ್ಬರು ಆಗಲೇ ಕಟ್ಟಿಯೂ ಬಿಟ್ಟಿದ್ದರು.

ಮೇಲಧಿಕಾರಿಗಳು ಗಾಜಿನ ಕೆಳಗಿನ ಚೀಟಿ ನೋಡಿದರು. "ಈ ಮೇಜು ಒರೆಸುವವರು ಯಾರು?" ಎಂದರು. ನಾನು ಜವಾನನ ಹೆಸರು ಹೇಳಿದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟೆನಷ್ಟೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಎರಡು ದಿನ ಅವನನ್ನು ಕೆಲಸಕ್ಕೆ ಹಚ್ಚದೆ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಅವನ ಮೊಬೈಲನ್ನೂ ತೆಗೆದುಕೊಂಡರು. ಹೋಗುತ್ತ ಬರುತ್ತ ನಾನು ಬೇರೆ ಕಡೆ ನೋಡುತ್ತಿದ್ದೆ. ಅವನು ಹೇಳಿದ್ದು ಒಂದೇ ಮಾತು: "ಗಾಜು ಒರೆಸಿದೀನಿ ಸಾರ್, ಚೀಟಿ ಓದಿಲ್ಲ."

ಮೂರನೆಯ ದಿನ ಕಂಪ್ಯೂಟರ್ ವಿಭಾಗದ ಹುಡುಗ ನಿಜಸ್ಥಿತಿಯನ್ನು ಹುಡುಕಿ ತೆಗೆದ. ಹಿಂದಿನ ಶುಕ್ರವಾರ ಸಂಜೆ, 'ನಿಮ್ಮ ಪಾಸ್‌ವರ್ಡಿನ ಅವಧಿ ಇಂದಿಗೆ ಮುಗಿಯುತ್ತದೆ, ಇಲ್ಲಿ ಒತ್ತಿರಿ' ಎಂಬ ಈ-ಮೇಲು ನನಗೆ ಬಂದಿತ್ತು. ಬಸ್ಸಿಗೆ ಹೊತ್ತಾಗಿತ್ತು. ಒತ್ತಿದೆ, ಹಳೆಯದನ್ನು ಕೇಳಿತು, ಬರೆದೆ. ಕಳಿಸಿದ ವಿಳಾಸದಲ್ಲಿ ಇಂಗ್ಲಿಷಿನ 'ಎಂ' ಇರಬೇಕಾದ ಕಡೆ 'ಆರ್' ಮತ್ತು 'ಎನ್' ಒತ್ತೊತ್ತಾಗಿ ಕೂತಿದ್ದವು. ಕನ್ನಡಕ ಹಾಕಿಕೊಂಡರೂ ಅದು 'ಎಂ' ಎಂದೇ ತೋರುತ್ತದೆ. ಗಾಜಿನ ಕೆಳಗಿನ ಚೀಟಿಯನ್ನು ಯಾರೂ ಮುಟ್ಟಿರಲಿಲ್ಲ. ಬೀಗದ ಕೈಯನ್ನು ಕೇಳಿದವರಿಗೆ ಕೊಟ್ಟವನು ನಾನೇ.

ಈಗ ನನ್ನ ಪಾಸ್‌ವರ್ಡು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತುಗಳ ಉದ್ದನೆಯ ಸಾಲು. ಅದರ ಮೇಲೆ ಮೊಬೈಲಿಗೆ ಬರುವ ಆರು ಅಂಕಿಗಳನ್ನೂ ತುಂಬಬೇಕು. ಗಾಜಿನ ಕೆಳಗೆ ವೆಂಕಟರಮಣ ಒಬ್ಬನೇ ಉಳಿದಿದ್ದಾನೆ.

ಜವಾನನ ಹತ್ತಿರ ತಪ್ಪಾಯಿತೆಂದೆ. "ಬಿಡಿ ಸಾರ್" ಎಂದ. ಈಗಲೂ 11 ಗಂಟೆಗೆ ಕಾಫಿ ತರುತ್ತಾನೆ. ನನ್ನ ಕೈ ಕೀಲಿಮಣೆಯ ಮೇಲಿರುವುದು ಕಂಡರೆ, ಲೋಟವನ್ನು ಮೇಜಿನ ತುದಿಗಿಟ್ಟು, ಗೋಡೆಯ ಕಡೆ ತಿರುಗಿ ನಿಲ್ಲುತ್ತಾನೆ.